ಫೈಲ್ ಹಗುರ, ಪರದೆ ಭಾರ: ಬಟನ್‌ಗೆ ವೆಕ್ಟರ್ ಬೇಕೋ, ಬಿಟ್‌ಮ್ಯಾಪ್ ಬೇಕೋ?

ಪ್ರಶ್ನೆ: ನಮಸ್ಕಾರ. ಸಾಗರದಲ್ಲಿ ಸಣ್ಣದಾಗಿ ಡಿಸೈನ್ ಕೆಲಸ ಮಾಡಿಕೊಂಡಿದ್ದೇನೆ. ಶಿವಮೊಗ್ಗದ ಒಂದು ಪ್ರದರ್ಶನಕ್ಕೆ ಟಚ್‌ಸ್ಕ್ರೀನ್ ಪ್ರಾಜೆಕ್ಟ್ ಒಪ್ಪಿಕೊಂಡಿದ್ದೇನೆ. ಜೋಗ, ಇಕ್ಕೇರಿ, ಕೆಳದಿ, ಕವಲೇದುರ್ಗ, ಆಗುಂಬೆ ಹೀಗೆ ಮಲೆನಾಡಿನ 24 ತಾಣ. ಒಂದೊಂದಕ್ಕೂ ಒಂದು ಬಟನ್, ಒತ್ತಿದರೆ ಆರು ಫೋಟೊ ಮತ್ತು ವಿವರಣೆ. ಫೋಟೊಗಳು ಕ್ಯಾಮೆರಾದಿಂದ ಬಂದ ಹಾಗೇ ಇವೆ, 6000×4000. ಪರದೆ 43 ಇಂಚಿನ ಫುಲ್ ಎಚ್‌ಡಿ, ಹಿಂದೆ 4 ಜಿಬಿ ಮೆಮೊರಿಯ ಮಿನಿ ಪಿಸಿ, ಕ್ರೋಮ್‌ನಲ್ಲಿ ಓಡುತ್ತದೆ. ಬಟನ್ ಸುತ್ತ ನಮ್ಮ ಮಲೆನಾಡಿನ ಗೋಡೆ ಕಲೆ ಹಸೆ ಚಿತ್ತಾರದ ಅಂಚು ಬೇಕೆಂದು ಗೋಡೆಯ ಫೋಟೊ ತೆಗೆದು, ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಟ್ರೇಸ್ ಮಾಡಿ (ಫೋಟೊವನ್ನು ತಾನಾಗಿ ಗೆರೆಗಳಾಗಿಸಿ) ಎಸ್‌ವಿಜಿ ಎಂಬ ವೆಕ್ಟರ್ ಫೈಲ್ ಮಾಡಿದೆ, ನೆರಳೂ ಕೊಟ್ಟೆ. ಒತ್ತಿದಾಗ ಕಾಣುವ ರೂಪಕ್ಕೆ ಬೇರೆ ಫೈಲ್ ಇದೆ.

ತೊಂದರೆ ಇಷ್ಟು: ಕರೆಂಟ್ ಹೋಗಿ ಬಂದರೆ ಮುಖಪುಟ ಮೂಡಲು ಎಂಟೊಂಬತ್ತು ಸೆಕೆಂಡ್. ಯಾವುದೇ ಬಟನ್ ಮೊದಲ ಸಲ ಒತ್ತಿದಾಗ ತಡ, ಆಮೇಲೆ ಪರವಾಗಿಲ್ಲ. ಅರ್ಧ ಗಂಟೆ ಓಡಿದ ಮೇಲೆ ಇಡೀ ಪ್ರಾಜೆಕ್ಟೇ ತೆವಳುತ್ತದೆ. ಕೆಲವು ಹೆಸರುಗಳ ಒತ್ತು ಕೆಳಗೆ ಕತ್ತರಿಸಿಹೋಗಿದೆ, ಮಿನಿ ಪಿಸಿಯಲ್ಲಿ ಅಕ್ಷರದ ರೂಪವೇ ಬೇರೆ ಕಾಣುತ್ತದೆ. ಒಬ್ಬ ಗೆಳೆಯರು ‘ವೆಕ್ಟರ್ ಯಾವತ್ತೂ ಹಗುರ, ಬಿಡಬೇಡ’ ಎನ್ನುತ್ತಾರೆ. ಹಿಂದೆ ಮಲ್ಟಿಮೀಡಿಯ ಸಿಡಿ ಮಾಡುತ್ತಿದ್ದ ಇನ್ನೊಬ್ಬರು ‘ಎಲ್ಲ ಪಿಎನ್‌ಜಿ (ಬಿಟ್‌ಮ್ಯಾಪ್ ಫೈಲ್) ಮಾಡಿಬಿಡು’ ಎನ್ನುತ್ತಾರೆ. ಮುಂದೆ ಇದನ್ನೇ ಟ್ಯಾಬ್‌ಗೂ ಮಾಡಿಕೊಡಬೇಕು. ಜೋಗದ ಬಟನ್ ಫೈಲ್ ಜೊತೆಗಿಟ್ಟಿದ್ದೇನೆ. ಯಾವ ದಾರಿ ಹಿಡಿಯಲಿ?

ಉತ್ತರ: ಗೆಳೆಯರಿಬ್ಬರ ಮಾತೂ ಅದರದರ ಕಾಲಕ್ಕೆ ಸರಿಯಾಗಿತ್ತು. ನಿಮ್ಮ ತೊಂದರೆಯಲ್ಲಿ ಮಾತ್ರ ಬಟನ್ನಿನ ಪಾಲು ಅರ್ಧ. ಇನ್ನರ್ಧ ಬಟನ್ ಒತ್ತಿದ ಮೇಲೆ ಬರುವ ಫೋಟೊಗಳದ್ದು. ಅವನ್ನು ಹಾಗೇ ಬಿಟ್ಟು ಬಟನ್‌ಗಳನ್ನಷ್ಟೇ ಬದಲಿಸಿದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಆದರೂ ನೀವು ಕೇಳಿದ್ದು ಬಟನ್ ಬಗ್ಗೆ, ಅಲ್ಲಿಂದಲೇ ಹೊರಡೋಣ. ವೆಕ್ಟರ್ ಎಂದರೆ ಗೆರೆಗಳ ಲೆಕ್ಕವಾಗಿ ಬರೆದಿಟ್ಟ ಚಿತ್ರ; ಬಿಟ್‌ಮ್ಯಾಪ್ ಎಂದರೆ ಪಿಕ್ಸೆಲ್ ಎಂಬ ಬಣ್ಣದ ಚುಕ್ಕಿಗಳಾಗಿ ತುಂಬಿಟ್ಟ ಚಿತ್ರ.

‘ವೆಕ್ಟರ್ ಹಗುರ’ ಎಂಬ ಮಾತು ಡಯಲ್‌ಅಪ್ ಇಂಟರ್‌ನೆಟ್ಟಿನ, ವೆಬ್ ಪುಟಗಳಲ್ಲಿ ಅಲುಗಾಡುವ ಚಿತ್ರ ಓಡಿಸುತ್ತಿದ್ದ ಫ್ಲ್ಯಾಶ್ ಕಾಲದ್ದು. ಆಗ ದುಬಾರಿಯಾಗಿದ್ದದ್ದು ಸಾಗಣೆ; ಫೈಲ್ ಎಷ್ಟು ಸಣ್ಣದೋ ಅಷ್ಟು ಒಳ್ಳೆಯದು. ‘ಎಲ್ಲ ಬಿಟ್‌ಮ್ಯಾಪ್ ಮಾಡು’ ಎಂಬುದೂ ಅದೇ ಕಾಲದ ಇನ್ನೊಂದು ಮಗ್ಗುಲು. ಫ್ಲ್ಯಾಶ್ ಪ್ಲೇಯರ್ ವೆಕ್ಟರ್ ಗೆರೆಗಳನ್ನು ಪ್ರೊಸೆಸರ್‌ನಲ್ಲೇ ಬಿಡಿಸುತ್ತಿತ್ತು. ಅಲುಗಾಡುವ ಚಿತ್ರವನ್ನು ಮತ್ತೆ ಮತ್ತೆ ಬಿಡಿಸಬೇಕಾಗಿ ಯಂತ್ರ ಏದುಸಿರು ಬಿಡುತ್ತಿತ್ತು. ಒಮ್ಮೆ ಬಿಡಿಸಿದ್ದನ್ನು ಬಿಟ್‌ಮ್ಯಾಪ್ ಆಗಿ ಎತ್ತಿಟ್ಟುಕೊಳ್ಳುವ ಸೌಲಭ್ಯ 2005ರ ಫ್ಲ್ಯಾಶ್ 8ರಲ್ಲಿ ಬಂತು. 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್‌ಗೆ ಬೆಂಬಲವೇ ನಿಂತುಹೋಯಿತು. ಸಲಹೆಗಳು ಮಾತ್ರ ಇನ್ನೂ ಓಡಾಡಿಕೊಂಡಿವೆ.

ಈಗಿನ ಬ್ರೌಸರ್ ನಡೆದುಕೊಳ್ಳುವ ರೀತಿ ಬೇರೆ. ಎಸ್‌ವಿಜಿಯನ್ನು ಒಮ್ಮೆ ಓದಿ, ಗೆರೆಗಳನ್ನು ಲೆಕ್ಕ ಹಾಕಿ, ಪಿಕ್ಸೆಲ್ ಮಾಡಿ ಇಟ್ಟುಕೊಳ್ಳುತ್ತದೆ. ಬಟನ್ ಸುಮ್ಮನೆ ಕೂತಿರುವಷ್ಟು ಹೊತ್ತು ವೆಕ್ಟರ್‌ಗೂ ಬಿಟ್‌ಮ್ಯಾಪ್‌ಗೂ ಖರ್ಚಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ವೆಕ್ಟರ್ ದುಡ್ಡು ಕೇಳುವುದು ಪುಟ ತೆರೆಯುವಾಗ, ಗಾತ್ರ ಬದಲಾದಾಗ, ಒಳಗಿನ ಬಣ್ಣವೋ ಗೆರೆಯೋ ಬದಲಾದಾಗ, ಮತ್ತೆ ಮೆಮೊರಿ ಸಾಲದೆ ಬ್ರೌಸರ್ ಹಳೆಯ ಪಿಕ್ಸೆಲ್‌ಗಳನ್ನು ಎಸೆದು ಪುನಃ ಬಿಡಿಸಬೇಕಾದಾಗ. ಎಷ್ಟು ಕೇಳುತ್ತದೆ ಎಂಬುದು ಗೆರೆಗಳ ಸಂಖ್ಯೆಗೆ ಬಿಟ್ಟದ್ದು.

ಬಿಟ್‌ಮ್ಯಾಪ್‌ನ ಲೆಕ್ಕ ಸರಳ: ಅಗಲ × ಎತ್ತರ × 4 ಬೈಟ್. ಪಿಎನ್‌ಜಿ ಡಿಸ್ಕ್ ಮೇಲೆ 12 ಕೆಬಿ ಇರಲಿ, 40 ಕೆಬಿ ಇರಲಿ, ಮೆಮೊರಿಯಲ್ಲಿ ಬಿಚ್ಚಿಕೊಂಡಾಗ ಅಷ್ಟೇ ಜಾಗ. ನಿಮ್ಮ ಬಟನ್ 320×96. ಅಂದರೆ 1,22,880 ಬೈಟ್, ಸರಿಯಾಗಿ 120 ಕೆಬಿ. ಸಾಮಾನ್ಯ, ಒತ್ತಿದ, ನಿಷ್ಕ್ರಿಯ ಎಂದು ಮೂರು ರೂಪ ಮಾಡಿದರೂ 24 ಬಟನ್‌ಗೆ ಸುಮಾರು 8.4 ಎಂಬಿ. ಈ ಸಂಖ್ಯೆ ನೆನಪಿರಲಿ, ಫೋಟೊ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಟ್ರೇಸ್ ಮಾಡಿದ ಚಿತ್ತಾರದ ಒಳಗೆ

ನಿಮ್ಮ ಜೋಗದ ಬಟನ್ ಫೈಲ್ 380 ಕೆಬಿ ಇದೆ. ಅಂಚೊಂದರಲ್ಲೇ 11,000ಕ್ಕೂ ಹೆಚ್ಚು ನೋಡ್, ಅಂದರೆ ಗೆರೆಯ ತುಂಡುಗಳು ಕೂಡುವ ಬಿಂದುಗಳು. ನೀವೇ ನೋಡಬಹುದು: ಇಂಕ್‌ಸ್ಕೇಪ್‌ನಲ್ಲಿ ಚಿತ್ರವನ್ನು ಆರಿಸಿ, ನೋಡ್ ಟೂಲ್ ಹಿಡಿದು, ಕಂಟ್ರೋಲ್ ಮತ್ತು ಎ ಒತ್ತಿದರೆ ಕೆಳಗಿನ ಪಟ್ಟಿಯಲ್ಲಿ ಸಂಖ್ಯೆ ಬರುತ್ತದೆ.

ಯಾಕೆ ಇಷ್ಟೊಂದು? ಚಿತ್ತಾರಗಿತ್ತಿ ಪುಂಡಿನಾರಿನ ಕುಂಚದಲ್ಲಿ ಕೆಮ್ಮಣ್ಣಿನ ಗೋಡೆ ಮೇಲೆ ಒಂದೇ ಉಸಿರಿಗೆ ಎಳೆದ ಬಿಳಿ ಎಳೆ ವೆಕ್ಟರ್ ಭಾಷೆಯಲ್ಲಿ ಎರಡು ನೋಡ್, ಒಂದು ದಪ್ಪ. ಟ್ರೇಸ್‌ಗೆ ಅದು ಗೆರೆ ಎಂಬುದೇ ಗೊತ್ತಿಲ್ಲ. ಬಿಳಿ ಎಲ್ಲಿ ಮುಗಿದು ಕೆಂಪು ಎಲ್ಲಿ ಶುರುವಾಯಿತು ಎಂಬ ಗಡಿಯನ್ನು ಅದು ಹಿಡಿಯುತ್ತಾ ಹೋಗುತ್ತದೆ. ನಾರಿನ ತರಿ, ಗೋಡೆಯ ಉಬ್ಬುತಗ್ಗು, ಫೋಟೊದ ಕಾಳುಕಾಳು ಎಲ್ಲವೂ ನೋಡ್ ಆಗುತ್ತವೆ. ಒಂದು ಎಳೆ ಅರವತ್ತು ನೋಡ್‌ಗಳ ಅಂಕುಡೊಂಕು ಹೊಲವಾಗಿಬಿಡುತ್ತದೆ. ಒಂದೊಂದು ಬಾಗಿದ ತುಂಡಿಗೆ ಆರು ಅಂಕಿ. ಅವೆಲ್ಲ ಫೈಲ್‌ನಲ್ಲಿ ಅಕ್ಷರಗಳಾಗಿ ಕೂತಿವೆ. ‘ವೆಕ್ಟರ್ ಹಗುರ’ ಎಂಬ ಮಾತು ಇಲ್ಲಿ ಫೈಲ್ ತೂಕದಲ್ಲೂ ಸೋತಿದೆ: ಇದೇ ಚಿತ್ರ ನಾಲ್ಕೈದು ಬಣ್ಣದ ಪಿಎನ್‌ಜಿ ಆದರೆ ಇದರ ಹತ್ತನೇ ಒಂದು ಪಾಲೂ ಆಗದು. 24 ಬಟನ್ ಎಂದರೆ 9 ಎಂಬಿ ಅಂಕಿಗಳನ್ನು ಆ ಮಿನಿ ಪಿಸಿ ಓದಿ, ಎರಡೂವರೆ ಲಕ್ಷ ನೋಡ್‌ಗಳನ್ನು ತುಂಬಿ, ಮೇಲೆ 24 ನೆರಳುಗಳ ಬ್ಲರ್ ಲೆಕ್ಕ ಮಾಡಬೇಕು. ಕರೆಂಟ್ ಬಂದಾಗಿನ ಎಂಟೊಂಬತ್ತು ಸೆಕೆಂಡಿನ ಬಹುಪಾಲು ಇಲ್ಲಿಯದೇ. ಮಳೆಗಾಲದಲ್ಲಿ ದಿನಕ್ಕೆಷ್ಟು ಸಲ ಕರೆಂಟ್ ಹೋಗುತ್ತದೆ ಎಂಬುದು ನಿಮಗೇ ಗೊತ್ತಲ್ಲ.

ಪಾತ್ ಮೆನುವಿನ ಸಿಂಪ್ಲಿಫೈ ಒತ್ತಿದರೆ ನೋಡ್ ಇಳಿಯುತ್ತದೆ, ನಿಜ. ಆದರೆ ಚೂಪಾದ ಮೂಲೆಗಳು ಮೊಂಡಾಗಿ, ನೇರ ಎಳೆಗಳು ಬಾಗುತ್ತವೆ. ಎಲೆ ಬಳ್ಳಿಯ ಚಿತ್ರಕ್ಕೆ ಅದು ನಡೆದೀತು, ಗೆರೆಗಳ ಲೆಕ್ಕಾಚಾರದ ಮೇಲೇ ನಿಂತಿರುವ ಹಸೆ ಚಿತ್ತಾರಕ್ಕೆ ನಡೆಯದು. ನೆರಳಂತೂ ಬೇಡವೇ ಬೇಡ. ಗೋಡೆಗೆ ಅಂಟಿಕೊಂಡು ಚಪ್ಪಟೆಯಾಗಿ ಕೂರುವ ಕಲೆ ಅದು. ಎತ್ತಿ ಗಾಳಿಯಲ್ಲಿ ತೇಲಿಸಿದರೆ ಲಗ್ನಪತ್ರಿಕೆಯಂತೆ ಕಾಣುತ್ತದೆ.

ಮೂರು ದಾರಿ

ಎಲ್ಲವನ್ನೂ ವೆಕ್ಟರ್ ಆಗಿಯೇ ಇಟ್ಟುಕೊಳ್ಳುವುದು ಒಂದು. ಆಗ ಚಿತ್ತಾರವನ್ನು ಕೈಯಿಂದ, ಎರಡು ನೋಡ್‌ನ ಎಳೆಗಳಲ್ಲಿ, ಮತ್ತೆ ಬಿಡಿಸಬೇಕು. ಒಂದು ಬಟನ್‌ಗೆ 300ರ ಒಳಗೆ ನೋಡ್ ಬಂದರೆ ಆ ಮಿನಿ ಪಿಸಿ ಆರಾಮಾಗಿ ಎಳೆಯುತ್ತದೆ, ಯಾವ ಪರದೆಯಲ್ಲೂ ಚೂಪಾಗಿ ಕಾಣುತ್ತದೆ. ಒಂದೇ ಅಂಚನ್ನು ಕ್ಲೋನ್ ಮಾಡಿ 24 ಕಡೆ ಹಾಕಿದರೆ ಫೈಲ್ ಸಣ್ಣದಾಗುತ್ತದೆ, ಆದರೆ ಬಿಡಿಸುವ ಕೆಲಸ 24 ಸಲ ಇದ್ದೇ ಇರುತ್ತದೆ. ಇದನ್ನು ಮರೆತವರೇ ಹೆಚ್ಚು.

ಎಲ್ಲವನ್ನೂ ಪಿಎನ್‌ಜಿ ಮಾಡುವುದು ಇನ್ನೊಂದು. ಬೇಗ ಮುಗಿಯುವ ಕೆಲಸ, ಮೆಮೊರಿಯೂ 8.4 ಎಂಬಿ ಅಷ್ಟೆ. ಅಪಾಯ ಬೇರೆ ಕಡೆ ಇದೆ. ವಿಂಡೋಸ್‌ನ ಡಿಸ್‌ಪ್ಲೇ ಸ್ಕೇಲ್ ಶೇ 125 ಆಗಿದ್ದರೆ ಪ್ರತಿ ಬಟನ್ ಮಸುಕಾಗುತ್ತದೆ, ಜನ ‘ಪಿಎನ್‌ಜಿ ಕ್ವಾಲಿಟಿ ಸರಿಯಿಲ್ಲ’ ಎಂದು ಪಿಎನ್‌ಜಿಯನ್ನು ಬೈಯುತ್ತಾರೆ. ನಿಮ್ಮ ಮಿನಿ ಪಿಸಿಯಲ್ಲಿ ಅದನ್ನು ಶೇ 100ಕ್ಕೇ ಇಡಿ. ಒಂದು ಹೆಸರಿನ ಕಾಗುಣಿತ ತಿದ್ದಬೇಕೆಂದರೂ ಮೂರು ಚಿತ್ರ ಹೊಸದಾಗಿ ಎಕ್ಸ್‌ಪೋರ್ಟ್ ಮಾಡಬೇಕು. ಜಾಗ ಉಳಿಸಲು ಜೆಪೆಗ್ ಮಾಡುವ ಯೋಚನೆ ಬಂದರೆ ಅಲ್ಲೇ ಬಿಡಿ. ಜೆಪೆಗ್ ಬಣ್ಣದ ವಿವರವನ್ನು ಸಾಮಾನ್ಯವಾಗಿ ಅರ್ಧ ಅಳತೆಗೆ ಇಳಿಸಿ ಉಳಿಸುತ್ತದೆ. ಕೆಮ್ಮಣ್ಣಿನ ಮೇಲಿನ ಬಿಳಿ ಎಳೆಯ ಅಂಚಿಗೆ ಗುಲಾಬಿ ಕೊಳೆ ಮೆತ್ತಿಕೊಳ್ಳುತ್ತದೆ.

ನನ್ನ ಆಯ್ಕೆ ಮೂರನೆಯದು: ಚಿತ್ತಾರದ ಅಂಚು ಒಂದೇ ಒಂದು ಚಿಕ್ಕ ಬಿಟ್‌ಮ್ಯಾಪ್, ಹೆಸರು ಜೀವಂತ ಪಠ್ಯ, ಮನೆ–ಹಿಂದೆ–ಧ್ವನಿ ಇಂಥ ಗುರುತುಗಳು ಸಣ್ಣ ಎಸ್‌ವಿಜಿ. ಹಸೆ ಚಿತ್ತಾರದ ಅಂಚು ಒಂದೇ ಮಾದರಿ ಮರುಕಳಿಸುತ್ತಾ ಹೋಗುವಂಥದ್ದು. 24 ಸಲ ಅದನ್ನು ಪೂರ್ತಿ ಬಿಡಿಸಿಡುವುದೇ ದಂಡ. ವೆಬ್ ಪುಟದ ರೂಪವನ್ನು ಬರೆಯುವ ಭಾಷೆಯಾದ ಸಿಎಸ್‌ಎಸ್‌ನಲ್ಲಿ ಬಾರ್ಡರ್-ಇಮೇಜ್ ಇರುವುದೇ ಇದಕ್ಕೆ.

ಮಾಡುವ ಕ್ರಮ ಹೀಗೆ. ಇಂಕ್‌ಸ್ಕೇಪ್‌ನಲ್ಲಿ 96×96ರ ಪುಟ ತೆಗೆದು, 32×32ರ ಒಂಬತ್ತು ಮನೆ ಮಾಡಿಕೊಳ್ಳಿ, ಸಾಲಿಗೆ ಮೂರರಂತೆ. ನಾಲ್ಕು ಮೂಲೆಗೆ ಮೂಲೆಯ ಚಿತ್ತಾರ, ನಡುವಿನ ನಾಲ್ಕು ಮನೆಗೆ ಮರುಕಳಿಸುವ ತುಂಡು, ಮಧ್ಯದ ಮನೆ ಖಾಲಿ. ಇದನ್ನು ಪಾರದರ್ಶಕ ಪಿಎನ್‌ಜಿ ಆಗಿ ಎಕ್ಸ್‌ಪೋರ್ಟ್ ಮಾಡಿ. ಸಿಎಸ್‌ಎಸ್‌ನಲ್ಲಿ ಸ್ಲೈಸ್ 32, ಬಾರ್ಡರ್ ಅಗಲ 16 ಪಿಕ್ಸೆಲ್, ರಿಪೀಟ್ ರೌಂಡ್. ಬೇಕಾದ್ದಕ್ಕಿಂತ ಇಮ್ಮಡಿ ಅಳತೆಯಲ್ಲಿ ಮಾಡಿಸಿದ್ದು ಮುಂದೆ ಟ್ಯಾಬ್‌ನ ದಟ್ಟ ಪರದೆಗೂ ಸಾಲಲಿ ಎಂದು. ನಿಮ್ಮ ಬಟನ್ 320 ಅಗಲ. ಎರಡು ಮೂಲೆ ಕಳೆದರೆ 288, ಅದರಲ್ಲಿ 16ರ ಹದಿನೆಂಟು ತುಂಡು. ಎತ್ತರದಲ್ಲಿ 64 ಉಳಿದು ನಾಲ್ಕು ತುಂಡು. ಎರಡೂ ಕಡೆ ಪೂರ್ಣ ಸಂಖ್ಯೆ ಬಂದದ್ದರಿಂದ ಎಲ್ಲೂ ಎಳೆದಾಡಿದಂತೆ ಕಾಣುವುದಿಲ್ಲ. ಮೆಮೊರಿಯಲ್ಲಿ ಆ ಚಿತ್ರ 36 ಕೆಬಿ, ಇಪ್ಪತ್ನಾಲ್ಕಕ್ಕೂ ಅದೊಂದೇ.

ಎಡವುವ ಜಾಗಗಳನ್ನೂ ಹೇಳಿಬಿಡುತ್ತೇನೆ. ಬಾರ್ಡರ್ ಸ್ಟೈಲ್ ಸಾಲಿಡ್ ಎಂದು ಬರೆಯದಿದ್ದರೆ ಅಂಚು ಕಾಣುವುದೇ ಇಲ್ಲ. ಬಾಕ್ಸ್-ಸೈಜಿಂಗ್ ಬಾರ್ಡರ್-ಬಾಕ್ಸ್ ಇಲ್ಲದಿದ್ದರೆ ಬಟನ್ 32 ಪಿಕ್ಸೆಲ್ ಊದಿಕೊಳ್ಳುತ್ತದೆ. ಬಾರ್ಡರ್-ರೇಡಿಯಸ್ ಈ ಅಂಚನ್ನು ಕತ್ತರಿಸದು, ದುಂಡು ಮೂಲೆ ಬೇಕಿದ್ದರೆ ಚಿತ್ರದಲ್ಲೇ ದುಂಡಗೆ ಬಿಡಿಸಬೇಕು. ಎಳೆಗಳ ದಪ್ಪ 2 ಅಥವಾ 4 ಪಿಕ್ಸೆಲ್ ಇರಲಿ, ಸಮಸಂಖ್ಯೆಯ ಪಿಕ್ಸೆಲ್‌ನಿಂದಲೇ ಶುರುವಾಗಲಿ. ಅರ್ಧಕ್ಕೆ ಇಳಿದಾಗ ಅವು ಸರಿಯಾಗಿ ಒಂದು ಅಥವಾ ಎರಡು ಪಿಕ್ಸೆಲ್ ಮೇಲೆ ಕೂರುತ್ತವೆ. 3 ಪಿಕ್ಸೆಲ್ ಕೊಟ್ಟರೆ ಒಂದೂವರೆಯಾಗಿ ಬೂದು ಬಡಿಯುತ್ತದೆ. 16 ಪಿಕ್ಸೆಲ್ ಅಂಚಿನಲ್ಲಿ ಹಿಡಿಯುವುದು ನಾಲ್ಕೈದು ಎಳೆ. ಗೋಡೆಯ ಮೇಲಿನ ಹದಿನೈದು ಎಳೆಯನ್ನೂ ತುರುಕಲು ಹೋಗಬೇಡಿ. 43 ಇಂಚಿನ ಫುಲ್ ಎಚ್‌ಡಿಯಲ್ಲಿ ಒಂದು ಪಿಕ್ಸೆಲ್ ಹತ್ತಿರ ಹತ್ತಿರ ಅರ್ಧ ಮಿಲಿಮೀಟರ್. ಅದಕ್ಕಿಂತ ತೆಳುವಾದ ಗೆರೆಯನ್ನು ವೆಕ್ಟರ್ರೂ ತೋರಿಸಲಾರದು.

ಒತ್ತಿದಾಗಿನ ತಡ

ಮೊದಲ ಸಲ ಮಾತ್ರ ತಡವಾದರೆ ಒತ್ತಿದ ರೂಪದ ಚಿತ್ರ ಇನ್ನೂ ಬಿಚ್ಚಿಕೊಂಡಿಲ್ಲ ಎಂದರ್ಥ. ಪ್ರತಿ ಸಲವೂ ತಡವಾದರೆ ಬಿಡಿಸುವುದೋ ಸ್ಕ್ರಿಪ್ಟೋ ಭಾರವಾಗಿದೆ. ಹೊತ್ತು ಹೋದಂತೆ ತಡ ಹೆಚ್ಚಿದರೆ ಮೆಮೊರಿ ತುಂಬುತ್ತಿದೆ. ನಿಮಗೆ ಮೊದಲನೆಯದೂ ಮೂರನೆಯದೂ ಇವೆ.

ಮೊದಲನೆಯದಕ್ಕೆ ಮದ್ದು ಸುಲಭ. ಒತ್ತಿದಾಗ ಬೇರೆ ಫೈಲ್ ತರಿಸಲೇಬೇಡಿ. ಹಿನ್ನೆಲೆಯ ಕೆಮ್ಮಣ್ಣು ಬಣ್ಣ ಒಂದು ಛಾಯೆ ಗಾಢವಾಗಲಿ, ಇಡೀ ಬಟನ್ 0.96ಕ್ಕೆ ಕುಗ್ಗಲಿ, 120 ಮಿಲಿಸೆಕೆಂಡ್ ಸಾಕು. ಕುಗ್ಗಿಸುವುದು ಹೊರಗಿನ ಪೆಟ್ಟಿಗೆಯನ್ನು, ಟ್ರಾನ್ಸ್‌ಫಾರ್ಮ್ ಮೂಲಕ. ಬ್ರೌಸರ್ ಆಗ ಮಾಡಿಟ್ಟ ಪಿಕ್ಸೆಲ್‌ಗಳನ್ನೇ ಜಿಪಿಯುನಲ್ಲಿ (ಗ್ರಾಫಿಕ್ಸ್ ಚಿಪ್) ಕಿರಿದು ಮಾಡಿ ತೋರಿಸುತ್ತದೆ. ಅದೇ ಎಸ್‌ವಿಜಿಯ ಒಳಗಿನ ಗೆರೆಯ ದಪ್ಪವನ್ನೋ ನೆರಳಿನ ಬ್ಲರನ್ನೋ ಬದಲಿಸುತ್ತಾ ಹೋದರೆ ಪ್ರತಿ ಫ್ರೇಮ್‌ಗೂ ಹೊಸದಾಗಿ ಬಿಡಿಸಬೇಕು. ಸೆಕೆಂಡಿಗೆ 60 ಫ್ರೇಮ್ ಎಂದರೆ ಒಂದಕ್ಕೆ ಸಿಗುವುದು ಹದಿನಾರೂವರೆ ಮಿಲಿಸೆಕೆಂಡ್ ಚಿಲ್ಲರೆ. ಬಣ್ಣ ಬದಲಾಗಬೇಕಾದ್ದು ಬೆರಳು ಎತ್ತಿದಾಗಲ್ಲ, ಬೆರಳು ತಾಗಿದ ಕ್ಷಣಕ್ಕೆ, ಅಂದರೆ ಪಾಯಿಂಟರ್‌ಡೌನ್‌ಗೆ. ಎರಡು ಸಲ ತಟ್ಟಿ ಹಿಗ್ಗಿಸುವುದಕ್ಕಾಗಿ ಬ್ರೌಸರ್ ಕಾಯದಂತೆ ಟಚ್-ಆಕ್ಷನ್ ಮ್ಯಾನಿಪ್ಯುಲೇಶನ್ ಎಂದೂ ಬರೆಯಿರಿ. ಚಿತ್ರ ಬದಲಿಸಲೇಬೇಕಾದ ಬಟನ್ ಇದ್ದರೆ ಮೂರು ರೂಪವನ್ನೂ ಒಂದೇ ಪಿಎನ್‌ಜಿಯಲ್ಲಿ ಒಂದರ ಕೆಳಗೊಂದು, ನಡುವೆ 2 ಪಿಕ್ಸೆಲ್ ಖಾಲಿ ಬಿಟ್ಟು ಇಡಿ. ಆ ಸಂದು ಇಲ್ಲದಿದ್ದರೆ ಸ್ಕೇಲ್ ಆದಾಗ ಪಕ್ಕದ ರೂಪದ ಬಣ್ಣ ಇತ್ತ ಸೋರುತ್ತದೆ.

ಅರ್ಧ ಗಂಟೆಯ ನಂತರದ ತೆವಳಾಟ

ಇದರಲ್ಲಿ ಬಟನ್ನಿನ ತಪ್ಪು ಕಡಿಮೆ. 6000×4000ದ ಒಂದು ಫೋಟೊ ಬಿಚ್ಚಿಕೊಂಡರೆ 9 ಕೋಟಿ 60 ಲಕ್ಷ ಬೈಟ್, ಹೆಚ್ಚುಕಮ್ಮಿ 92 ಎಂಬಿ. ಆರು ಫೋಟೊದ ಒಂದು ತಾಣಕ್ಕೆ 550 ಎಂಬಿ. ಮೇಲೆ ಹೇಳಿದ 8.4ರ ಪಕ್ಕ ಇದನ್ನಿಟ್ಟು ನೋಡಿ: ಮೂರೂ ರೂಪದ ಎಲ್ಲ ಬಟನ್‌ಗಳೂ ಸೇರಿದರೂ ಜೋಗದ ಒಂದು ಫೋಟೊದ ಹತ್ತನೇ ಒಂದು ಭಾಗ ಆಗುವುದಿಲ್ಲ. ನಾಲ್ಕೈದು ತಾಣ ನೋಡುವಷ್ಟರಲ್ಲಿ 4 ಜಿಬಿಯ ಯಂತ್ರ ಹಳೆಯದನ್ನು ಎಸೆಯುವುದು, ಮತ್ತೆ ಬಿಚ್ಚುವುದು, ಡಿಸ್ಕ್‌ಗೆ ತಳ್ಳುವುದು ಇದರಲ್ಲೇ ಮುಳುಗುತ್ತದೆ. ಎಸೆದದ್ದರಲ್ಲಿ ನಿಮ್ಮ ಬಟನ್‌ಗಳ ಪಿಕ್ಸೆಲ್ಲೂ ಇರಬಹುದು. ಮುಖಪುಟಕ್ಕೆ ಮರಳಿದಾಗ ಆ ಎರಡೂವರೆ ಲಕ್ಷ ನೋಡ್‌ಗಳ ಕೆಲಸ ಮತ್ತೆ ಮೊದಲಿಂದ.

ಫೋಟೊಗಳನ್ನು 1920×1280ಕ್ಕೆ ಇಳಿಸಿ. ಪರದೆಗೆ ಅದಕ್ಕಿಂತ ಹೆಚ್ಚು ತೋರಿಸಲು ಬಾರದು. ಒಂದಕ್ಕೆ 9.4 ಎಂಬಿ, ಆರಕ್ಕೆ 56. ಜೆಪೆಗ್ ಇಲ್ಲಿ ಒಳ್ಳೆಯದೇ, ಕ್ವಾಲಿಟಿ 80ರ ಆಸುಪಾಸು ಸಾಕು. ತಾಣದಿಂದ ಹೊರಬಂದಾಗ ಆ ಫೋಟೊಗಳನ್ನು ಬಚ್ಚಿಡದೆ ಪುಟದಿಂದಲೇ ತೆಗೆಯಿರಿ. ಕ್ರೋಮ್‌ನಲ್ಲಿ ಶಿಫ್ಟ್ ಮತ್ತು ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟು ಹತ್ತು ತಾಣ ಸುತ್ತಿ. ಮೆಮೊರಿ ಏರಿ ಇಳಿಯುತ್ತಿದ್ದರೆ ಸರಿ, ಏರುತ್ತಲೇ ಹೋದರೆ ಎಲ್ಲೋ ಬಿಡದೆ ಹಿಡಿದುಕೊಂಡಿದೆ.

ಕನ್ನಡ ಅಕ್ಷರದ ಪಾಡು

ಎಸ್‌ವಿಜಿಯನ್ನು ಇಮೇಜ್ ಟ್ಯಾಗ್ ಮೂಲಕ ಹಾಕಿದರೆ ಅದರೊಳಗಿನ ಪಠ್ಯ ಹೊರಗಿನ ವೆಬ್‌ಫಾಂಟ್ ತರಿಸಿಕೊಳ್ಳಲಾರದು. ಯಂತ್ರದಲ್ಲಿ ಇರುವ ಫಾಂಟ್‌ಗೇ ಒಗ್ಗಿಕೊಳ್ಳುತ್ತದೆ. ನಿಮ್ಮ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಹಾಕಿದ್ದೀರಿ, ಮಿನಿ ಪಿಸಿಯಲ್ಲಿ ಹಾಕಿಲ್ಲ, ಅಲ್ಲಿ ರೂಪ ಬೇರೆಯಾಯಿತು. ಹೆಸರನ್ನು ಎಸ್‌ವಿಜಿಯಿಂದ ಹೊರತೆಗೆದು ಬಟನ್ ಮೇಲೆ ಸಾಮಾನ್ಯ ಪಠ್ಯವಾಗಿ ಹಾಕಿ, ಫಾಂಟ್ ಫೈಲನ್ನು ಪ್ರಾಜೆಕ್ಟ್ ಜೊತೆಗೇ ಇಡಿ. ನೋಟೊ ಸಾನ್ಸ್ ಕನ್ನಡ ಮುಕ್ತವಾಗಿ ಸಿಗುತ್ತದೆ. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿ ಕೋರೆಲ್‌ನಿಂದ ತಂದ ಹೆಸರುಗಳಿದ್ದರೆ ಮೊದಲು ಯುನಿಕೋಡ್‌ಗೆ ಬದಲಿಸಿ, ಇಲ್ಲವಾದರೆ ಆ ಫಾಂಟ್ ಇಲ್ಲದ ಯಂತ್ರದಲ್ಲಿ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ ಕಾಣುತ್ತದೆ.

ಒತ್ತು ಕತ್ತರಿಸಿರುವುದು ಸಾಲಿನ ಎತ್ತರ ಸಾಲದೆ. ಇಂಗ್ಲಿಷ್ ಅಕ್ಷರಕ್ಕೆಂದು ಇಟ್ಟ 1.0 ಅಥವಾ 1.1 ‘ಇಕ್ಕೇರಿ’ಯ ಒತ್ತಿಗೆ ಜಾಗ ಕೊಡುವುದಿಲ್ಲ. 1.5 ಇಡಿ, ಉಕ್ಕಿದ್ದನ್ನು ಮರೆಮಾಡುವ ಓವರ್‌ಫ್ಲೋ ಹಿಡನ್ ತೆಗೆಯಿರಿ. ಪರೀಕ್ಷೆಗೆ ‘ಇಕ್ಕೇರಿ’, ‘ಶಿವಪ್ಪನಾಯಕನ ಅರಮನೆ’, ‘ಕವಲೇದುರ್ಗ’ ಈ ಮೂರು ಸಾಕು: ಮೊದಲೆರಡರಲ್ಲಿ ಒತ್ತು, ಮೂರನೆಯದರಲ್ಲಿ ಅರ್ಕಾವತ್ತು. ಅಲಂಕಾರದ ಶೀರ್ಷಿಕೆಯೊಂದಕ್ಕೆ ಅಕ್ಷರವನ್ನು ಪಾತ್ ಮಾಡಲೇಬೇಕಿದ್ದರೆ ಮಾಡಿ, ಆದರೆ ಪಠ್ಯವಿರುವ ಮೂಲ ಫೈಲನ್ನು ಬೇರೆ ಹೆಸರಲ್ಲಿ ಉಳಿಸಿಕೊಂಡ ಮೇಲೆ.

ಟ್ಯಾಬ್, ಮತ್ತೆ ಅಳೆಯುವ ಕೆಲಸ

ಟ್ಯಾಬ್‌ನಲ್ಲೂ ಬ್ರೌಸರ್‌ನಲ್ಲೇ ಓಡಿಸುವುದಾದರೆ ಮೇಲಿನ ಅಂಚು ಹಾಗೇ ನಡೆಯುತ್ತದೆ. ಬಟನ್ ಅಗಲ 16ರಿಂದ ಸರಿಯಾಗಿ ಭಾಗವಾಗುವಂತೆ ಇಟ್ಟುಕೊಳ್ಳಿ, ಎತ್ತರ 48 ಡಿಪಿಗಿಂತ (ಡಿಪಿ ಆಂಡ್ರಾಯ್ಡ್‌ನ ಅಳತೆಯ ಮಾನ) ಕೆಳಗೆ ಇಳಿಸಬೇಡಿ. ಆಂಡ್ರಾಯ್ಡ್ ಆ್ಯಪ್ ಆಗಿಯೇ ಬರೆಸಿದರೆ ಅಂಚಿಗೆ ನೈನ್-ಪ್ಯಾಚ್ ಪಿಎನ್‌ಜಿ ಇದೆ, ಆದರೆ ಅದು ನಡುವಿನ ತುಂಡನ್ನು ಮರುಕಳಿಸದೆ ಹಿಗ್ಗಿಸುತ್ತದೆ. ಸಾದಾ ಪಟ್ಟಿಗೆ ಸರಿ, ಚಿತ್ತಾರಕ್ಕೆ ಆಗದು. ಅಲ್ಲಿ ಒಂದೊಂದು ಅಳತೆಗೂ ಪೂರ್ತಿ ಪಿಎನ್‌ಜಿಯೇ ಲೇಸು. ಆಂಡ್ರಾಯ್ಡ್‌ನ ವೆಕ್ಟರ್ ಚಿತ್ರ 200×200 ಡಿಪಿ ಮೀರಬಾರದು ಎಂದು ಗೂಗಲ್‌ನದೇ ಸಲಹೆ ಇದೆ. ಗೋಡೋ ಎಂಬ ಗೇಮ್ ಎಂಜಿನ್‌ನಲ್ಲಿ ಮಾಡಿದರೆ ಈ ಚರ್ಚೆಯೇ ಬೇಡ, ಎಸ್‌ವಿಜಿಯನ್ನು ಅದು ಒಳಗೆ ತೆಗೆದುಕೊಳ್ಳುವಾಗಲೇ ಬಿಟ್‌ಮ್ಯಾಪ್ ಮಾಡಿಬಿಡುತ್ತದೆ.

ಏನನ್ನೂ ಬದಲಿಸುವ ಮುನ್ನ ಮಿನಿ ಪಿಸಿಯ ಕ್ರೋಮ್‌ನಲ್ಲಿ ವಿಳಾಸದ ಜಾಗದಲ್ಲಿ chrome://gpu ಎಂದು ಟೈಪ್ ಮಾಡಿ. ರಾಸ್ಟರೈಸೇಶನ್ (ಪಿಕ್ಸೆಲ್ ಮಾಡುವ ಕೆಲಸ) ಮುಂದೆ ‘ಸಾಫ್ಟ್‌ವೇರ್ ಓನ್ಲಿ’ ಎಂದಿದ್ದರೆ ಗ್ರಾಫಿಕ್ಸ್ ಡ್ರೈವರ್ ಸರಿಯಾಗಿ ಕೂತಿಲ್ಲದಿರಬಹುದು, ಮೊದಲು ಅದನ್ನು ನೋಡಿ. ಆಮೇಲೆ ಫೋಟೊಗಳನ್ನು ಇಳಿಸಿ ಅರ್ಧ ಗಂಟೆ ಓಡಿಸಿ. ಆಮೇಲೆ ಜೋಗದ ಒಂದೇ ಬಟನ್ ಹೊಸ ರೀತಿಯಲ್ಲಿ ಮಾಡಿ, ಎಫ್12 ಒತ್ತಿ ಪರ್ಫಾರ್ಮೆನ್ಸ್‌ನಲ್ಲಿ ರೆಕಾರ್ಡ್ ಹಾಕಿ, ಹಳೆಯ ಬಟನ್ ಒಮ್ಮೆ, ಹೊಸದೊಮ್ಮೆ ಒತ್ತಿ. ಹಸಿರು ಪಟ್ಟಿ ಬಿಡಿಸಿದ ಹೊತ್ತು, ಹಳದಿ ಸ್ಕ್ರಿಪ್ಟ್‌ನದು. ಹಸಿರು ಕುಗ್ಗಿ ಹಳದಿ ಹಾಗೇ ಉಳಿದಿದ್ದರೆ ಮಿಕ್ಕ 23 ಬಟನ್ ಬದಲಿಸಿ, ಆದರೆ ತಡ ಪೂರ್ತಿ ಹೋಗುತ್ತದೆ ಎಂದು ಪ್ರದರ್ಶನದವರಿಗೆ ಮಾತು ಕೊಡಬೇಡಿ. ಆ ಹಳದಿಯಲ್ಲಿ ಯಾವ ಫಂಕ್ಷನ್ ಉದ್ದವಾಗಿದೆ ನೋಡಿ, ಅದರ ಹೆಸರು ಬರೆದು ಕಳಿಸಿ.